ದಡಕ್ಕೆ ಎಳೆಯುವ ಬಲೆ

ಓದತಕ್ಕ ವೇದಭಾಗಗಳು: ಮತ್ತಾಯ 13: 47–50, ಯೋಹಾನ 21: 1–17



ಮೈಸೂರಿನ ಹೆಬ್ಬಾಳದಲ್ಲಿ ವಾಸಿಸುವ ನಮಗೆ ಸಮುದ್ರವು ದೂರದ ಸಂಗತಿಯಾಗಿದೆ. ದಿನಾಲು ನಮ್ಮ ಕಣ್ಣಿಗೆ ಬೀಳುವ ನೀರೆಂದರೆ ಹೆಬ್ಬಾಳ ಕೆರೆಯ ನೀರು. ಕಡಲ ಮೀನು ನಮ್ಮ ಬೀದಿಗೆ ಬರುವದು ಮಂಜುಗಡ್ಡೆಯ ಪೆಟ್ಟಿಗೆಯೊಳಗೆ. ಬಂಗುಡೆಯೋ ಬೂತಾಯಿಯೋ ಎಂದು ನೋಡುತ್ತೇವೆ, ಬೆಲೆಯನ್ನು ಕೇಳುತ್ತೇವೆ. ಅದು ಯಾವ ದಡದಲ್ಲಿ, ಯಾರ ಕೈಗಳಿಂದ, ಎಷ್ಟು ಹೊತ್ತಿನ ಚಳಿಯಲ್ಲಿ ಎಳೆಯಲ್ಪಟ್ಟಿತೆಂದು ಕೇಳುವದಿಲ್ಲ. ಆದಕಾರಣ ನಮ್ಮ ಕರ್ತನು ಹೇಳಿದ ಬಿತ್ತುವವನ ಸಾಮ್ಯವೂ ಹಣಜಿಯ ಸಾಮ್ಯವೂ ನಮ್ಮ ಹಳ್ಳಿಗಳ ಸಭೆಗಳಿಗೆ ಬೇಗನೆ ತಿಳಿಯುತ್ತವೆ. ಅದೇ ಅಧ್ಯಾಯದ ಕೊನೆಯಲ್ಲಿರುವ ಬಲೆಯ ಸಾಮ್ಯವೋ ಓದಿದ ಕೂಡಲೆ ಮರೆತುಹೋಗುತ್ತದೆ. ಹೊಲವೂ ಕಳೆಯೂ ನಮಗೆ ಗೊತ್ತು, ಬಲೆ ಗೊತ್ತಿಲ್ಲ.

ಹೋದ ಜನವರಿ ತಿಂಗಳಲ್ಲಿ ದೇವರು ನಮಗೆ ಆ ಬಲೆಯನ್ನು ಕಣ್ಣಾರೆ ತೋರಿಸಿದನು. ದೇವಜ್ಞಾನ ಶಾಲೆಯಲ್ಲಿ ನಮ್ಮೊಡನೆ ಓದಿದ ಒಬ್ಬ ಉಪದೇಶಿಗಳು ಉಡುಪಿಯ ಸೀಮೆಯಲ್ಲಿದ್ದಾರೆ. ಅವರನ್ನು ಕಾಣುವದಕ್ಕೋಸ್ಕರ ನಾವು ಹುಣಸೂರು, ಮಡಿಕೇರಿ, ಸಂಪಾಜೆ, ಪುತ್ತೂರುಗಳ ಮಾರ್ಗವಾಗಿ ಘಟ್ಟವನ್ನಿಳಿದು ಮಂಗಳೂರಿಗೂ, ಅಲ್ಲಿಂದ ಕಾಪುವಿಗೂ ಹೋದೆವು. ಹೊರಡುವಾಗ ನಮ್ಮ ಮನಸ್ಸಿನಲ್ಲಿ ಒಂದು ಭಾರವಿತ್ತು. ಅದು ಏನೆಂಬದನ್ನು ಮುಂದೆ ಮರೆಮಾಜದೆ ಹೇಳುವೆವು. ಮೊದಲು ಬಲೆಯನ್ನು ನೋಡೋಣ.

ಸುವಾರ್ತೆಗಳಲ್ಲಿ ಬಲೆಯೆಂಬ ಮಾತನ್ನು ಓದುವಾಗ ನಮ್ಮ ಕಿವಿಗೆ ಎಲ್ಲವೂ ಒಂದೇ ಬಲೆಯಾಗಿ ಕೇಳಿಸುತ್ತದೆ. ಗ್ರೀಕ್ ಮೂಲದಲ್ಲಿಯಾದರೋ ಒಂದಕ್ಕಿಂತ ಹೆಚ್ಚು ಮಾತುಗಳುಂಟು. ಪೇತ್ರನೂ ಅಂದ್ರೆಯನೂ ಕರೆಯಲ್ಪಟ್ಟ ದಿನ ಅವರ ಕೈಯಲ್ಲಿದ್ದದ್ದು ಒಬ್ಬನೇ ಬೀಸತಕ್ಕ ಬೀಸುಬಲೆ. ನಮ್ಮ ಕೆರೆಗಳಲ್ಲಿಯೂ ಅಂಥದನ್ನು ಬೀಸುವವರನ್ನು ನೀವು ನೋಡಿದ್ದೀರಿ. ಮತ್ತಾಯ 13ನೆಯ ಅಧ್ಯಾಯದ ಸಾಮ್ಯದಲ್ಲಿಯೋ ಕರ್ತನು ಹೇಳಿದ್ದು ‘ಸಗೇನೆ’, ಅಂದರೆ ನೀರಿನಲ್ಲಿ ದೂರದ ವರೆಗೆ ಬಿಟ್ಟು ಅನೇಕರು ಸೇರಿ ದಡಕ್ಕೆ ಎಳೆಯತಕ್ಕ ದೊಡ್ಡ ಬಲೆ. ಈ ಭೇದವನ್ನು ನಾವು ಪಾಠಶಾಲೆಯಲ್ಲಿ ಬರೆದುಕೊಂಡಿದ್ದೆವು, ಪರೀಕ್ಷೆಯಲ್ಲಿ ಬರೆದಿದ್ದೆವು. ಆದರೆ ಅಂಗೈಯ ಚರ್ಮ ಸುಲಿಯುವ ತನಕ ಅದರ ಅರ್ಥವು ನಮಗೆ ತಿಳಿದಿರಲಿಲ್ಲ.

ನಮ್ಮ ಕರಾವಳಿಯಲ್ಲಿ ಈ ಎಳೆಬಲೆಗೆ ರಂಪಣಿಯೆಂದು ಹೆಸರು. ದೊಡ್ಡ ರಂಪಣಿಯು ನೂರಾರು ಮೀಟರು ಉದ್ದವಿರುತ್ತಿತ್ತು. ಅದು ಒಬ್ಬ ಧಣಿಯ ಬಲೆಯಾಗಿರಲಿಲ್ಲ. ಮೊಗವೀರರ ಹಳ್ಳಿಯ ಮನೆಮನೆಯವರು ತಮ್ಮ ತಮ್ಮ ತುಂಡುಗಳನ್ನು ತಂದು ಜೋಡಿಸಿ ಒಂದೇ ಬಲೆಯನ್ನಾಗಿ ಮಾಡುತ್ತಿದ್ದರು. ಸಿಕ್ಕಿದ ಮೀನನ್ನು ಪಾಲಿನ ಪ್ರಕಾರ ಹಂಚಿಕೊಳ್ಳುತ್ತಿದ್ದರು. 1970ರ ದಶಕದ ಮಧ್ಯದಲ್ಲಿ ಯಂತ್ರದೋಣಿಯಿಂದ ಕಡಲೊಳಗೇ ಹಿಂಡನ್ನು ಸುತ್ತುಗಟ್ಟಿ, ಚೀಲದ ಬಾಯಿಯಂತೆ ಅಡಿಯನ್ನು ಬಿಗಿಯುವ ಪರ್ಸೀನ್ ಬಲೆಯು ಬಂತು. ಹಿಂಡುಗಳು ದಡದ ಸಮೀಪಕ್ಕೆ ಬರುವ ಮೊದಲೇ ಹಿಡಿಯಲ್ಪಡುತ್ತಿದ್ದದರಿಂದ ಜಗಳಗಳಾದವು, ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆಗೆ ಬಿದ್ದವು. ಈಗ ಉಳಿದಿರುವದು ಹೆಚ್ಚಾಗಿ ಕೈರಂಪಣಿಯೆಂಬ ಚಿಕ್ಕ ಬಲೆ. ಆದರೆ ಬಿಡುವ ರೀತಿಯೂ ಎಳೆಯುವ ರೀತಿಯೂ ಹಿಂದಿನದೇ.

ಇದಕ್ಕೆ ಚಳಿಗಾಲವು ತಕ್ಕ ಕಾಲ. ಮಳೆಗಾಲದಲ್ಲಿ ಕಡಲು ಕೆರಳಿರುತ್ತದೆ; ಯಂತ್ರದೋಣಿಗಳಿಗಂತೂ ಜೂನ್ 1ರಿಂದ ಜುಲಾಯಿ 31ರ ವರೆಗೆ 61 ದಿನ ಸರಕಾರದ ನಿಷೇಧವೂ ಉಂಟು. ಮಳೆ ಹಿಂದೆಗೆದ ಮೇಲೆ ಬಂಗುಡೆ ಬೂತಾಯಿಗಳ ಹಿಂಡುಗಳು ದಡದ ಕಡೆಗೆ ಬರುತ್ತವೆ. ಚಳಿಗಾಲದ ರಾತ್ರಿಯಲ್ಲಿ ನೆಲವು ನೀರಿಗಿಂತ ಬೇಗನೆ ತಣ್ಣಗಾಗುವದರಿಂದ ಗಾಳಿಯು ನೆಲದಿಂದ ಕಡಲಿಗೆ ಬೀಸುತ್ತದೆ, ಅಲೆಗಳು ತಗ್ಗುತ್ತವೆ. ಹೊತ್ತೇರಿದ ಮೇಲೆ ಗಾಳಿ ತಿರುಗಿ ಕಡಲಿನಿಂದ ನೆಲಕ್ಕೆ ಬೀಸತೊಡಗುತ್ತದೆ. ಆದಕಾರಣ ಬೆಳಗಿನ ಶಾಂತವಾದ ಹೊತ್ತಿನಲ್ಲಿ ಕೆಲಸ ಮುಗಿಯಬೇಕು.

ನಾವು ದಡಕ್ಕೆ ಹೋದಾಗ ಇನ್ನೂ ಕತ್ತಲು. ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭದ ಬೆಳಕು ಸುತ್ತುತ್ತಿತ್ತು. ಬಂಡೆಯ ಬುಡದಲ್ಲಿ ಅಲೆಗಳು ಉರುಟುಗಲ್ಲುಗಳನ್ನು ಉರುಳಿಸುವ ಸದ್ದು ಕೇಳುತ್ತಿತ್ತು. ಅಲ್ಲಿಂದ ತೆಂಕಣ ದಿಕ್ಕಿಗೆ ಸ್ವಲ್ಪ ದೂರ ನಡೆದು ಒಂದು ಹಳ್ಳಿಯ ಮುಂದೆ ನಿಂತೆವು. ಬಲೆಯ ಒಂದು ತುದಿಯ ಹಗ್ಗವನ್ನು ದಡದವರ ಕೈಗೆ ಕೊಟ್ಟು ದೋಣಿಯು ಹೊರಟಿತು. ತಂಡೇಲನು ಮುಂದೆ ನಿಂತು ನೀರನ್ನು ನೋಡುತ್ತಿದ್ದನು. ಹಿಂದಿನವರು ಬಲೆಯನ್ನು ಮಡಿಕೆ ಮಡಿಕೆಯಾಗಿ ಕಡಲಿಗೆ ಬಿಡುತ್ತಾ ಹೋದರು. ದೋಣಿಯು ಬಿಲ್ಲಿನಂತೆ ಬಳಸಿ, ಬಹು ದೂರದಲ್ಲಿ ತಿರಿಗಿ ದಡ ಮುಟ್ಟಿ ಎರಡನೆಯ ಹಗ್ಗವನ್ನು ಇನ್ನೊಂದು ಗುಂಪಿನವರಿಗೆ ಕೊಟ್ಟಿತು. ನಮ್ಮ ಸ್ನೇಹಿತರು ನಮ್ಮನ್ನೂ ಒಂದು ಹಗ್ಗಕ್ಕೆ ಸೇರಿಸಿದರು. ಅಲ್ಲಿಯವರು ನಕ್ಕು ಜಾಗ ಬಿಟ್ಟರು.

ಪ್ರಿಯರೇ, ಆ ಬೆಳಿಗ್ಗೆ ನಾವು ಕಲಿತ ಮೂರು ಸಂಗತಿಗಳನ್ನು ನಿಮ್ಮ ಮುಂದೆ ಇಡುತ್ತೇವೆ.

ಮೊದಲನೆಯದು: ಬಲೆಯು ಆರಿಸಿಕೊಂಡು ಹೋಗುವದಿಲ್ಲ.

ಗಾಳವನ್ನು ಹಾಕುವವನು ತನಗೆ ಬೇಕಾದ ಮೀನಿಗೆ ತಕ್ಕ ಎರೆಯನ್ನು ಹಾಕುತ್ತಾನೆ. ಎಳೆಬಲೆಯು ಹಾಗಲ್ಲ. ಅದು ಮೇಲೆ ತೇಲುವ ಬೆಂಡುಗಳಿಂದಲೂ ಕೆಳಗೆ ಮುಳುಗುವ ಭಾರದ ಗುಂಡುಗಳಿಂದಲೂ ನೀರಿನಲ್ಲಿ ಗೋಡೆಯಂತೆ ನಿಲ್ಲುತ್ತದೆ. ತನ್ನ ಸುತ್ತಳತೆಯೊಳಗೆ ಏನಿದೆಯೋ ಅದನ್ನೆಲ್ಲಾ ತರುತ್ತದೆ. ಕರ್ತನು ತನ್ನ ರಾಜ್ಯಕ್ಕೆ ಗಾಳವನ್ನು ಹೋಲಿಸದೆ ಈ ಬಲೆಯನ್ನು ಹೋಲಿಸಿದ್ದು ಸುಮ್ಮನೆ ಅಲ್ಲ. ಎಲ್ಲಾ ಬಗೆಯವೂ ಅದರೊಳಗೆ ಬಂದವೆಂದು ಆತನೇ ಹೇಳುತ್ತಾನೆ.

ಇದು ನಮ್ಮ ಸಭೆಗಳಿಗೆ ಒಪ್ಪಿಗೆಯಾದ ಮಾತೋ? ನಾಲಿಗೆಗೆ ಒಪ್ಪಿಗೆ, ಮನಸ್ಸಿಗೆ ಅಲ್ಲ. ಅಜ್ಜನ ಕಾಲದಲ್ಲಿ ಸ್ನಾನದೀಕ್ಷೆ ಹೊಂದಿದ ಮನೆಯವರು ಹೋದ ವರ್ಷ ಹೊಂದಿದವರನ್ನು ಹೊಸಬರೆಂದು ಹಿಂದಿನ ಚಾಪೆಯಲ್ಲಿ ಕೂಡ್ರಿಸುತ್ತಾರೆ. ಮದುವೆಯ ಮಾತು ಬಂದರೆ ಬಿಟ್ಟುಬಂದೆವೆಂದು ಹೇಳಿದ ಕುಲವು ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ನಮ್ಮನ್ನು ತಂದ ಬಲೆಯಲ್ಲಿ ಹಳೇ ಕಣ್ಣು ಹೊಸ ಕಣ್ಣು ಎಂಬ ಭೇದವಿರಲಿಲ್ಲ. ನಾವು ನೀರಿನೊಳಗಿದ್ದಾಗ ಯಾವನೂ ನಮ್ಮ ಪೂರ್ವೋತ್ತರವನ್ನು ಕೇಳಿ ಬಲೆ ಬಿಡಲಿಲ್ಲ. ಕೃಪೆಯಿಂದ ಒಳಗೆ ಬಂದವನು ಬಾಗಿಲಲ್ಲಿ ನಿಂತು ಸುಂಕ ಕೇಳಬಹುದೋ?

ಎರಡನೆಯದು: ಎರಡು ಹಗ್ಗಗಳೂ ಸಮನಾಗಿ ಬರಬೇಕು.

ಎಳೆಯಲು ಆರಂಭಿಸಿದಾಗ ಎರಡು ಗುಂಪುಗಳ ನಡುವೆ ಕೂಗಿದರೂ ಕೇಳಿಸದಷ್ಟು ದೂರವಿತ್ತು. ನಾವು ಹಿಮ್ಮಡಿಯನ್ನು ಮರಳಿನಲ್ಲಿ ಊರಿ, ಮೈಯನ್ನು ಹಿಂದಕ್ಕೆ ಒರಗಿಸಿ, ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯುತ್ತಿದ್ದೆವು. ಸಾಲಿನ ಹಿಂದಿನವನು ಹಗ್ಗವನ್ನು ಸುತ್ತಿಟ್ಟು ತಿರಿಗಿ ನೀರಿನ ಅಂಚಿಗೆ ಹೋಗಿ ಮುಂದಿನವನಾಗುತ್ತಿದ್ದನು. ಹೊಸ ಹುರುಪಿನಿಂದ ನಾವು ಜೋರಾಗಿ ಎಳೆದೆವು. ಆಗ ತಂಡೇಲನು ಕೈಯೆತ್ತಿ ನಮ್ಮ ಸಾಲನ್ನು ತಡೆದನು. ಒಂದು ಕಡೆಯವರು ಬೇಗನೆ ಎಳೆದರೆ ಬಲೆಯು ಓರೆಯಾಗುತ್ತದೆ, ಮೀನು ಸಡಿಲವಾದ ಕಡೆಯಿಂದ ಹೊರಟುಹೋಗುತ್ತದೆ; ಆದಕಾರಣ ಬಲವುಳ್ಳವರು ನಿಂತು ಬಲವಿಲ್ಲದವರಿಗಾಗಿ ಕಾಯಬೇಕು.

ಇದಲ್ಲದೆ ನಾವು ಇನ್ನೊಂದನ್ನು ನೋಡಿದೆವು. ಬಲೆಯು ಸಮೀಪಕ್ಕೆ ಬಂದ ಹಾಗೆಲ್ಲಾ ಎರಡು ಸಾಲುಗಳೂ ದಡದ ಮೇಲೆ ಒಂದರ ಕಡೆಗೊಂದು ಸರಿಯುತ್ತಾ ಬರಬೇಕು. ಬಾರದಿದ್ದರೆ ಬಲೆಯ ಬಾಯಿ ಮುಚ್ಚುವದಿಲ್ಲ. ಮೊದಲು ಮುಖ ಗುರುತಿಸಲಾರದಷ್ಟು ದೂರದಲ್ಲಿದ್ದವರು ಕೊನೆಯಲ್ಲಿ ಹೆಗಲಿಗೆ ಹೆಗಲು ತಗಲಿ ನಿಂತರು. ಆ ಎರಡು ಸಾಲುಗಳಲ್ಲಿ ಪರಸ್ಪರ ಮಾತು ಬಿಟ್ಟಿದ್ದ ಇಬ್ಬರು ಅಣ್ಣತಮ್ಮಂದಿರಿದ್ದರೆಂದು ನಮ್ಮ ಸ್ನೇಹಿತರು ಆಮೇಲೆ ಹೇಳಿದರು. ಅವರು ಅಂದು ಮಾತಾಡಿದರೋ ಇಲ್ಲವೋ ಕಾಣೆವು. ಆದರೆ ಒಂದೇ ಬಲೆಯ ಅಂಚನ್ನು ಹಿಡಿದು ಎತ್ತಿದ್ದನ್ನು ಕಂಡೆವು.

ನಮ್ಮ ಹಳ್ಳಿಯ ಸಭೆಗಳಲ್ಲಿ ಒಂದು ಪಕ್ಷದವರು ಗುಡಿಯ ಹೆಂಚನ್ನು ಬದಲಿಸಬೇಕೆನ್ನುತ್ತಾರೆ, ಇನ್ನೊಂದು ಪಕ್ಷದವರು ಕಾಣಿಕೆಯ ಲೆಕ್ಕವನ್ನು ಮೊದಲು ಕೊಡಿರೆನ್ನುತ್ತಾರೆ. ಇಬ್ಬರೂ ಬಲವಾಗಿಯೇ ಎಳೆಯುತ್ತಾರೆ. ಕೆಲಸ ಮಾಡದವರು ಯಾರೂ ಇಲ್ಲ. ಆದರೆ ಇದ್ದ ಸ್ಥಳದಲ್ಲಿಯೇ ಕಾಲೂರಿ ಎಳೆಯುತ್ತಾರೆ, ಒಂದು ಹೆಜ್ಜೆಯಾದರೂ ಮತ್ತೊಬ್ಬರ ಕಡೆಗೆ ಸರಿಯುವದಿಲ್ಲ. ಹೀಗಿರಲಾಗಿ ಬಲೆಯ ಬಾಯಿ ತೆರೆದೇ ಇರುತ್ತದೆ, ನಮ್ಮ ಮಕ್ಕಳು ಆ ಬಾಯಿಯಿಂದಲೇ ಹೊರಟುಹೋಗುತ್ತಾರೆ.

ಮೂರನೆಯದು: ಆರಿಸುವದು ದಡದ ಮೇಲೆ.

ಇದನ್ನು ಹೇಳುವದಕ್ಕಾಗಿಯೇ ಈ ಪ್ರಸಂಗವನ್ನು ಬರೆಯುತ್ತಿದ್ದೇವೆ. ಬಲೆಯು ಮೊಳಕಾಲು ನೀರಿಗೆ ಬಂದಾಗ ಅದರೊಳಗೆ ಬೆಳ್ಳಿಯಂತೆ ಹೊಳೆಯುವ ಮೀನುಗಳ ನಡುವೆ ಒಂದು ಕಡಲ ಹಾವನ್ನೂ, ಲೋಳೆಯಂಥ ಕೆಲವು ಪ್ರಾಣಿಗಳನ್ನೂ ನಾವು ಕಂಡೆವು. ಅದನ್ನು ಮೊದಲು ತೆಗೆದುಹಾಕಿರೆಂದು ಕೂಗಿ, ಬಲೆಯ ಕೆಳಗಿನ ಅಂಚಿಗೆ ಕೈ ಹಾಕಿದೆವು. ಪಕ್ಕದಲ್ಲಿದ್ದ ಮುದುಕನು ನಮ್ಮ ಮಣಿಕಟ್ಟನ್ನು ಹಿಡಿದುಕೊಂಡನು.

“ಈಗ ಎಳೆಯಿರಿ ಮಾರಾಯ್ರೇ,” ಅಂದನು. “ಅಡಿ ಎತ್ತಿದರೆ ಕೆಟ್ಟದ್ದು ಒಂದು ಹೋಗುವದರೊಳಗೆ ಒಳ್ಳೆಯದೆಲ್ಲಾ ಹೋದೀತು. ಆರಿಸುವದೆಲ್ಲ ಮರಳಿನ ಮೇಲೆ.”

ನಾವು ಕೈ ತೆಗೆದೆವು. ಬಲೆಯು ಮರಳಿಗೆ ಬಂತು. ಆಗ ಅವರು ಅವಸರಪಡದೆ ಕುಳಿತುಕೊಂಡು ಬುಟ್ಟಿಗಳಿಗೆ ಆರಿಸಿ ಹಾಕಿದರು. ಸಾಮ್ಯದಲ್ಲಿಯೂ ಅವರು ದಡದಲ್ಲಿ ಕುಳಿತು ಆರಿಸಿದರೆಂದೇ ಕರ್ತನು ಹೇಳಿದ್ದಾನೆ. ಆ ಕುಳಿತುಕೊಳ್ಳುವದನ್ನು ನಾವು ಅಂದಿನ ತನಕ ಗಮನಿಸಿರಲಿಲ್ಲ. ನಾವೂ ಸಹಾಯಮಾಡುವೆವೆಂದು ಕೆಲವನ್ನು ಆರಿಸಿದೆವು. ಮೀಸೆಯೂ ಮುಳ್ಳೂ ಇದ್ದ ಒಂದು ಕುರೂಪವಾದ ಮೀನನ್ನು ಎಸೆಯಲಿಕ್ಕೆ ಹೋದಾಗ ಒಬ್ಬ ಹೆಂಗಸು ನಕ್ಕು ಅದನ್ನು ಕಿತ್ತುಕೊಂಡು ತನ್ನ ಬುಟ್ಟಿಗೆ ಹಾಕಿಕೊಂಡಳು. ಅದು ಒಳ್ಳೆಯ ಸಾರಿಗೆ ಆಗತಕ್ಕದ್ದಂತೆ. ದುಂಡಗೆ ಅಂದವಾಗಿದ್ದ ಇನ್ನೊಂದನ್ನು ನಾವು ಬುಟ್ಟಿಗೆ ಹಾಕಿದೆವು. ಆಕೆ ಅದನ್ನು ತೆಗೆದು ದೂರ ಎಸೆದಳು. ಅದು ಹೊಟ್ಟೆ ಉಬ್ಬಿಸಿಕೊಳ್ಳುವ ವಿಷಮೀನು. ಎರಡನ್ನು ಆರಿಸಿದ್ದರಲ್ಲಿ ಎರಡರಲ್ಲಿಯೂ ನಾವು ತಪ್ಪಿದೆವು.

ಅಲ್ಲಿಯೇ, ಆ ಮರಳಿನ ಮೇಲೆ, ಹೆಬ್ಬಾಳದಿಂದ ಹೊತ್ತುತಂದ ಭಾರವು ನಮ್ಮ ಎದೆಯ ಮೇಲೆ ಕುಳಿತಿತು.

ಸಹೋದರರೇ, ಅದು ಹೀಗಿತ್ತು. ನಮ್ಮ ಚಿಕ್ಕ ಸಭೆಯಲ್ಲಿ ಅನೇಕರು ಹಳ್ಳಿಗಳನ್ನು ಬಿಟ್ಟು ಹೆಬ್ಬಾಳದ ಕಾರ್ಖಾನೆಗಳ ಕೆಲಸಕ್ಕೆ ಬಂದವರು. ಅವರಲ್ಲಿ ಒಬ್ಬ ಯೌವನಸ್ಥನಿಗೆ ಕೆಲಸ ಹೋಯಿತು. ಅವನು ಕುಡಿಯತೊಡಗಿದನು. ಒಂದು ದಿನ ಆರಾಧನೆಯ ವೇಳೆಯಲ್ಲಿ ಬಂದು ಹಿರಿಯರೊಬ್ಬರ ಸಂಗಡ ಕೂಗಾಡಿದನು. ಕ್ರಿಸ್ಮಸ್ಸಿಗೆ ಮುಂಚೆ ಕರ್ತನ ಭೋಜನಕ್ಕೆ ಸೇರುವವರ ಪಟ್ಟಿಯನ್ನು ಮಾಡುವಾಗ ಆ ಹೆಸರಿನ ಹತ್ತಿರ ಹಿರಿಯರು ತಡೆದು ನಮ್ಮ ಮುಖವನ್ನು ನೋಡಿದರು. ಒಂದು ಕೊಳೆತ ಮೀನು ಇಡೀ ಬುಟ್ಟಿಯನ್ನು ಕೆಡಿಸುವದೆಂದು ನಾವು ಹೇಳಿದೆವು. ಲೇಖಣಿಯನ್ನು ತೆಗೆದುಕೊಂಡು ನಾವೇ ಆ ಹೆಸರನ್ನು ಹೊಡೆದುಹಾಕಿದೆವು. ಅದಕ್ಕೆ ಮುಂಚೆ ಒಂದು ಸಾರಿಯಾದರೂ ಅವನ ಮನೆಗೆ ಹೋಗಿರಲಿಲ್ಲ. ಅವನ ಮನೆ ನಮ್ಮ ಮನೆಯಿಂದ ಕಾಲು ಗಂಟೆಯ ದಾರಿ. ಅವನೊಬ್ಬನ ಹೆಸರನ್ನು ಹೊಡೆದೆವು. ಮುಂದಿನ ಭಾನುವಾರದಿಂದ ಅವನ ಹೆಂಡತಿಯೂ ಚಿಕ್ಕ ಮಗಳೂ ಬರಲಿಲ್ಲ. ಬಲೆಯ ಅಡಿಯನ್ನು ಎತ್ತಿದರೆ ಏನಾಗುವದೆಂದು ಆ ಮುದುಕನು ಹೇಳಿದ್ದು ಇದೇ ಅಲ್ಲವೋ?

ಇಲ್ಲಿ ಕೆಲವರು ಕೇಳಬಹುದು: ಹಾಗಾದರೆ ಸಭೆಯಲ್ಲಿ ಶಿಸ್ತು ಬೇಡವೋ? ಕೆಟ್ಟದ್ದನ್ನು ಕೆಟ್ಟದ್ದೆಂದು ಹೇಳಬಾರದೋ? ಒಳ್ಳೆಯ ಪ್ರಶ್ನೆಯೇ. ಇದಕ್ಕೆ ಎರಡು ಉತ್ತರಗಳುಂಟು.

ಒಂದು, ತೀರ್ಪು ಇಲ್ಲವೆಂದು ಸಾಮ್ಯವು ಹೇಳುವದಿಲ್ಲ. ದಡ ಉಂಟು, ಆರಿಸುವ ದಿನ ಉಂಟು. ಅದು ಭಯಂಕರವಾದ ದಿನವೆಂದು ಕರ್ತನು ಸ್ಪಷ್ಟವಾಗಿ ಎಚ್ಚರಿಸಿದ್ದಾನೆ. ಆದರೆ ಆ ಕೆಲಸವನ್ನು ದೇವದೂತರಿಗೆ ಒಪ್ಪಿಸಿದ್ದಾನೆ, ಕಾಲವನ್ನು ಯುಗದ ಸಮಾಪ್ತಿಗೆ ಇಟ್ಟಿದ್ದಾನೆ. ಯೆಹೂದ್ಯರಿಗೆ ರೆಕ್ಕೆಯೂ ಪೊರೆಯೂ ಇಲ್ಲದ ಮೀನು ಅಶುದ್ಧವೆಂದು ಯಾಜಕಕಾಂಡ 11ರಲ್ಲಿ ವಿಧಿಯಿತ್ತು. ಗಲಿಲಾಯದ ಬೆಸ್ತರು ಪೊರೆಯಿಲ್ಲದ ಮೀನನ್ನು ನೋಡಿದ ಕೂಡಲೆ ಗುರುತಿಸಬಲ್ಲವರಾಗಿದ್ದರು. ಅವರು ಸಹ ದಡಕ್ಕೆ ಬರುವ ತನಕ ಕಾದರು. ಹೃದಯದ ಮೇಲೆ ಪೊರೆಯಿದೆಯೋ ಇಲ್ಲವೋ ಎಂಬದನ್ನು ನೋಡಲಾರದ ನಾವು ಎಷ್ಟು ಹೆಚ್ಚಾಗಿ ಕಾಯಬೇಕು!

ಎರಡು, ಕಾಯುವದೆಂದರೆ ಕೈಕಟ್ಟಿ ಕುಳಿತುಕೊಳ್ಳುವದಲ್ಲ. ಮೀನನ್ನು ಆರಿಸಿದ ಮೇಲೆ ಆ ಜನರು ಮನೆಗೆ ಹೋಗಲಿಲ್ಲ. ಬಲೆಯನ್ನು ಹರಡಿ ಹರಿದ ಕಣ್ಣುಗಳನ್ನು ಹುಡುಕಿ ಕಟ್ಟುತ್ತಾ ಕುಳಿತರು. ಕರ್ತನು ಕರೆದ ದಿನ ಜೆಬೆದಾಯನ ಮಕ್ಕಳಾದ ಯಾಕೋಬ ಯೋಹಾನರು ಮಾಡುತ್ತಿದ್ದದ್ದೂ ಅದೇ ಕೆಲಸ. ಮೀನನ್ನು ಅಂತ್ಯದಲ್ಲಿ ಒಂದು ಸಾರಿ ಆರಿಸುತ್ತಾರೆ; ಬಲೆಯನ್ನು ದಿನದಿನವೂ ಕಟ್ಟುತ್ತಾರೆ. ತಪ್ಪಿದ ಸಹೋದರನ ಬಳಿಗೆ ಮೊದಲು ಒಬ್ಬನೇ ಹೋಗಿ, ಗುಟ್ಟಾಗಿ ಮಾತಾಡಿ ಅವನನ್ನು ಸಂಪಾದಿಸಿಕೊಳ್ಳಬೇಕೆಂದು ಮತ್ತಾಯ 18ನೆಯ ಅಧ್ಯಾಯದಲ್ಲಿ ಕರ್ತನು ಕಲಿಸಿದ್ದು ಬಲೆ ಕಟ್ಟುವ ಕೆಲಸವೇ. ಅಲ್ಲಿ ಮೆಟ್ಟಲುಗಳುಂಟು: ಮೊದಲು ಒಬ್ಬನು, ಆಮೇಲೆ ಇಬ್ಬರು ಮೂವರು, ಕಡೆಯಲ್ಲಿ ಸಭೆ. ನಾವು ಕಡೆಯ ಮೆಟ್ಟಲಿನಿಂದ ಆರಂಭಿಸಿದೆವು. ಅದು ಶಿಸ್ತಲ್ಲ, ಸೋಮಾರಿತನ. ಹೆಸರನ್ನು ಹೊಡೆಯುವದಕ್ಕೆ ಒಂದು ಗೀಟು ಸಾಕು. ಮನೆಗೆ ಹೋಗುವದಕ್ಕೆ ಕಾಲು ಗಂಟೆ ನಡೆಯಬೇಕು.

ಈಗ ನಮ್ಮ ಮನಸ್ಸನ್ನು ಕಾಪುವಿನ ದಡದಿಂದ ಗಲಿಲಾಯದ ದಡಕ್ಕೆ ತಿರುಗಿಸೋಣ. ಸಮುದ್ರವೆಂದು ಹೆಸರಾದರೂ ಅದು ಸಿಹಿನೀರಿನ ಸರೋವರ. ಸುಮಾರು 21 ಕಿಲೋಮೀಟರು ಉದ್ದ, ಹೆಚ್ಚೆಂದರೆ 13 ಕಿಲೋಮೀಟರು ಅಗಲ, ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಮಿಕ್ಕಿ ತಗ್ಗಿನಲ್ಲಿದೆ. ಅದರ ದಡದ ಬಹು ಭಾಗವು ಕರೀ ಉರುಟುಗಲ್ಲುಗಳ ದಡ. 1986ರಲ್ಲಿ ಬರದಿಂದ ನೀರು ಇಳಿದಾಗ ಕೆಸರಿನೊಳಗಿಂದ ಸುಮಾರು 2000 ವರ್ಷಗಳ ಹಿಂದಿನ ಒಂದು ದೋಣಿಯು ಸಿಕ್ಕಿತು. ಅದು 8 ಮೀಟರಿಗೆ ಸ್ವಲ್ಪ ಹೆಚ್ಚು ಉದ್ದ. ಪೇತ್ರನ ದೋಣಿಯೂ ಹೆಚ್ಚುಕಡಮೆ ಅಂಥದೇ ಆಗಿದ್ದೀತು. ಸರೋವರದ ಬಡಗಣ ದಡದಲ್ಲಿ ತಬ್ಗಾ ಎಂಬಲ್ಲಿ ಬೆಚ್ಚಗಿನ ಊಟೆಗಳಿವೆ. ಚಳಿಗಾಲದಲ್ಲಿ ಮೀನುಗಳು ಆ ಬೆಚ್ಚಗಿನ ನೀರನ್ನು ಹುಡುಕಿ ಅಲ್ಲಿಗೆ ಕೂಡಿಬರುತ್ತವೆ. 1952ರಲ್ಲಿ ನಮ್ಮ ದೇಶಕ್ಕೆ ತರಲ್ಪಟ್ಟು ಈಗ ನಮ್ಮ ಕೆರೆಗಳಲ್ಲಿ ತುಂಬಿರುವ ಜಿಲೇಬಿ ಮೀನಿನ ನೆಂಟನೇ ಆ ಸರೋವರದ ಹೆಸರಾದ ಮೀನು ಎಂದು ತಿಳಿದರೆ ಹಳ್ಳಿಯ ಮಕ್ಕಳಿಗೆ ಸಂತೋಷವಾದೀತು. ಪುನರುತ್ಥಾನದ ಬಳಿಕ ಕರ್ತನು ಶಿಷ್ಯರಿಗೆ ಬೆಳಗಿನ ಊಟವನ್ನು ಸಿದ್ಧಪಡಿಸಿದ್ದು ಇದೇ ತಬ್ಗಾದ ದಡದಲ್ಲಿಯೆಂದು ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ.

ಆ ಬೆಳಿಗ್ಗೆ ಏನಾಯಿತೆಂಬದನ್ನು ನೀವು ಬಲ್ಲಿರಿ. ರಾತ್ರಿಯೆಲ್ಲಾ ಏನೂ ಸಿಕ್ಕಲಿಲ್ಲ. ದಡದಲ್ಲಿ ನಿಂತವನ ಮಾತಿನ ಮೇರೆಗೆ ದೋಣಿಯ ಬಲಗಡೆಗೆ ಬಲೆಯನ್ನು ಹಾಕಿದರು. 153 ದೊಡ್ಡ ಮೀನುಗಳು ಸಿಕ್ಕಿದವು, ಬಲೆ ಹರಿಯಲಿಲ್ಲ. ಅವರು ದಡಕ್ಕೆ ಬಂದಾಗ ಅಲ್ಲಿ ಕೆಂಡದ ಬೆಂಕಿ ಇತ್ತು, ಅದರ ಮೇಲೆ ಮೀನು ಇತ್ತು, ರೊಟ್ಟಿಯೂ ಇತ್ತು.

ಈ ಕೆಂಡದ ಬೆಂಕಿಯನ್ನು ಸ್ವಲ್ಪ ನೋಡಿರಿ. ಯೋಹಾನನ ಸುವಾರ್ತೆಯಲ್ಲಿ ಕೆಂಡದ ಬೆಂಕಿಯು ಎರಡೇ ಸಾರಿ ಬರುತ್ತದೆ. ಒಂದು 18ನೆಯ ಅಧ್ಯಾಯದಲ್ಲಿ: ಚಳಿಯ ರಾತ್ರಿ, ಮಹಾಯಾಜಕನ ಅಂಗಳ, ಮೈ ಕಾಯಿಸಿಕೊಳ್ಳುತ್ತಾ ನಿಂತ ಪೇತ್ರನು ತನ್ನ ಗುರುವನ್ನು ಅರಿಯೆನೆಂದನು. ಇನ್ನೊಂದು ಇಲ್ಲಿ, ಕಲ್ಲಿನ ದಡದ ಮೇಲೆ. ಪಟ್ಟಿಯಿಂದ ಹೊಡೆದುಹಾಕತಕ್ಕ ಹೆಸರು ಯಾವದಾದರೂ ಇದ್ದರೆ ಅದು ಪೇತ್ರನ ಹೆಸರೇ. ಅವನ ತಪ್ಪಿಗೆ ಸಾಕ್ಷಿಗಳಿದ್ದರು, ಕೋಳಿ ಕೂಗಿತ್ತು. ಆದರೆ ಕರ್ತನು ಆ ದಡದಲ್ಲಿ ಅವನನ್ನು ನಿಲ್ಲಿಸಿ ವಿಚಾರಿಸಲಿಲ್ಲ. ಮೊದಲು ಬಂದು ಊಟಮಾಡಿರೆಂದು ಕರೆದನು. ನೆನೆದು ನಡುಗುತ್ತಿದ್ದವನನ್ನು ಬೆಂಕಿಯ ಹತ್ತಿರ ಕೂಡ್ರಿಸಿ, ತಾನೇ ರೊಟ್ಟಿಯನ್ನೂ ಮೀನನ್ನೂ ಕೊಟ್ಟನು. ಊಟವಾದ ಮೇಲೆಯೇ ಪ್ರಶ್ನೆ ಬಂತು. ಆ ಪ್ರಶ್ನೆಯೂ ಯಾಕೆ ಹಾಗೆ ಮಾಡಿದಿ ಎಂಬದಲ್ಲ, ನನ್ನನ್ನು ಪ್ರೀತಿಸುತ್ತೀಯೋ ಎಂಬದು. ಮೂರು ಸಾರಿ ಅರಿಯೆನೆಂದವನಿಗೆ ಮೂರು ಸಾರಿ ಕುರಿಗಳನ್ನು ಒಪ್ಪಿಸಿದನು. ನಾವು ಊಟದಿಂದ ಹೊರಗೆ ಹಾಕಿ ಶಿಸ್ತು ಮಾಡಿದೆವು. ಆತನು ಊಟಕ್ಕೆ ಕರೆದು ಶಿಸ್ತು ಮಾಡಿದನು.

ಹೆಬ್ಬಾಳಕ್ಕೆ ಹಿಂತಿರುಗಿದ ಮಾರನೆಯ ದಿನ ಸಾಯಂಕಾಲ ನಾವು ಆ ಮನೆಗೆ ಹೋದೆವು. ಹೆಂಡತಿಯು ಬಾಗಿಲು ತೆರೆದು, ಏನೂ ಹೇಳದೆ ಚಾಪೆಯನ್ನು ಹಾಸಿದಳು. ಅವನು ಗೋಡೆಗೆ ಒರಗಿ ಕುಳಿತಿದ್ದನು, ಅಂದು ಕುಡಿದಿರಲಿಲ್ಲ. ನಾವು ಕಡಲನ್ನು ನೋಡಿದ ಕಥೆಯಿಂದ ಆರಂಭಿಸಿದೆವು.

“ಅಯ್ಯನವರೇ, ಬಲೆಯ ಕಥೆ ಆಮೇಲಾಗಲಿ. ನನ್ನ ಹೆಸರಿಗೆ ಗೀಟು ಎಳೆದವರು ಯಾರು?” ಎಂದು ಅವನು ಕೇಳಿದನು.

“ನಾವೇ,” ಅಂದೆವು. “ನಿನ್ನ ಮನೆಗೆ ಬಾರದೆ ಎಳೆದೆವು. ಅದು ನಮ್ಮ ತಪ್ಪು. ನಿನ್ನನ್ನೂ ನಿನ್ನ ಮನೆಯವರನ್ನೂ ಕ್ಷಮೆ ಬೇಡುವದಕ್ಕೆ ಬಂದಿದ್ದೇವೆ.”

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ನಾನು ಕುಡಿದದ್ದು ಸುಳ್ಳಲ್ಲ ಎಂದು ಮಾತ್ರ ಹೇಳಿದನು. ಹೆಂಡತಿಯು ಒಳಗಿನಿಂದ ಕಾಫಿ ತಂದಿಟ್ಟಳು. ನಾವು ಪ್ರಾರ್ಥನೆಮಾಡಿ ಎದ್ದೆವು. ಭಾನುವಾರ ನಮ್ಮ ತಪ್ಪನ್ನು ಸಭೆಯ ಮುಂದೆಯೂ ಒಪ್ಪಿಕೊಂಡೆವು. ಹಿರಿಯರು ಪಟ್ಟಿಯನ್ನು ತರಿಸಿ ಹೆಸರನ್ನು ತಿರಿಗಿ ಬರೆದರು.

ಅವನು ಮರುವಾರವೇ ಬಂದು ಮುಂದಿನ ಸಾಲಿನಲ್ಲಿ ಕುಳಿತನೆಂದು ಬರೆಯುವದಕ್ಕೆ ನಮಗೂ ಆಶೆಯುಂಟು. ಆದರೆ ಅದು ನಿಜವಲ್ಲ. ಈ ಮಾತುಗಳನ್ನು ಬರೆಯುವ ತನಕ ಅವನು ಆರಾಧನೆಗೆ ಬಂದಿಲ್ಲ. ಮಗಳು ಭಾನುವಾರ ಶಾಲೆಗೆ ಬರುತ್ತಾಳೆ. ತಾಯಿಯು ಎರಡು ಸಾರಿ ಬಂದಿದ್ದಾಳೆ. ನಾವು ಬುಧವಾರಗಳಲ್ಲಿ ಆ ಮನೆಗೆ ಹೋಗುತ್ತೇವೆ. ಒಂದೊಂದು ಬುಧವಾರ ಅವನು ಇರುತ್ತಾನೆ, ಒಂದೊಂದು ಬುಧವಾರ ಇರುವದಿಲ್ಲ. ಹಗ್ಗವು ಕೈಯಲ್ಲಿದೆ, ಬಲೆ ಇನ್ನೂ ನೀರಿನಲ್ಲಿದೆ. ಎಳೆಯುವದು ನಮ್ಮ ಪಾಲಿನ ಕೆಲಸ.

ಆದಕಾರಣ ಪ್ರಿಯರೇ, ಈ ಪತ್ರಿಕೆಯನ್ನು ಓದಿದ ಮೇಲೆ ನಿಮ್ಮ ನಿಮ್ಮ ಹಳ್ಳಿಗಳಲ್ಲಿ ಒಂದು ಕೆಲಸವನ್ನು ಮಾಡಿರೆಂದು ಬೇಡುತ್ತೇವೆ. ಹಿರಿಯರು ಸಭೆಯ ಹಳೇ ಪಟ್ಟಿಯನ್ನು ತೆರೆದು ನೋಡಲಿ. ಗೀಟು ಬಿದ್ದ ಹೆಸರುಗಳಲ್ಲಿ ಯಾರ ಮನೆಗೆ ಒಬ್ಬರೂ ಹೋಗಿರಲಿಲ್ಲವೋ ಆ ಮನೆಗೆ ಹೋಗಲಿ. ಹೋಗುವಾಗ ಬುದ್ಧಿವಾದವನ್ನು ಮನೆಯಲ್ಲಿಟ್ಟು, ಸಾಧ್ಯವಾದರೆ ಒಂದು ಹೊತ್ತಿನ ಊಟಕ್ಕೆ ಬೇಕಾದದ್ದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಲಿ. ತಾಯಂದಿರೇ, ಸಭೆಗೆ ಬರುವದನ್ನು ಬಿಟ್ಟ ನೆರೆಯವಳನ್ನು ನಿಮ್ಮ ಒಲೆಯ ಹತ್ತಿರಕ್ಕೆ ಕರೆಯಿರಿ. ಯೌವನಸ್ಥರೇ, ಎರಡು ಪಕ್ಷಗಳಾಗಿ ನಿಂತಿರುವಲ್ಲಿ ನೀವು ಮೊದಲು ಒಂದು ಹೆಜ್ಜೆ ಸರಿಯಿರಿ. ಗೀಟು ಬಿದ್ದ ಹೆಸರಿನವರೇ, ಇದನ್ನು ನೀವು ಓದುತ್ತಿದ್ದರೆ ಕೇಳಿರಿ: ಮನುಷ್ಯರು ಎಳೆದ ಗೀಟು ಕೊನೆಯ ಮಾತಲ್ಲ. ದಡದಲ್ಲಿ ಒಬ್ಬನು ಬೆಂಕಿ ಹಾಕಿಕೊಂಡು ನಿಮಗಾಗಿ ಕಾದಿದ್ದಾನೆ.

ಪ್ರಾರ್ಥನೆ: ಕರ್ತನೇ, ಎಲ್ಲಾ ಬಗೆಯವರನ್ನೂ ಕೂಡಿಸುವ ನಿನ್ನ ಬಲೆಯೊಳಗೆ ನಮ್ಮನ್ನೂ ಸೇರಿಸಿದ ಉಪಕಾರಕ್ಕಾಗಿ ಸ್ತೋತ್ರ. ಕಾಲಕ್ಕೆ ಮುಂಚೆ ಆರಿಸುವ ನಮ್ಮ ಕೈಗಳನ್ನು ತಡೆ. ಹರಿದ ಕಣ್ಣುಗಳನ್ನು ಕಟ್ಟುವ ತಾಳ್ಮೆಯನ್ನು ನಮ್ಮ ಬೆರಳುಗಳಿಗೆ ಕೊಡು. ನಮ್ಮಿಂದ ದೂರವಾದ ಮನೆಗಳ ಬಾಗಿಲಿಗೆ ನಮ್ಮ ಕಾಲುಗಳನ್ನು ನಡಿಸು. ಬಲೆಯನ್ನು ದಡಕ್ಕೆ ಎಳೆಯುವ ದಿನದಲ್ಲಿ ನಮಗೂ, ನಾವು ತಳ್ಳಿಬಿಟ್ಟವರಿಗೂ, ನಿನ್ನ ಬೆಂಕಿಯ ಬಳಿಯಲ್ಲಿ ಸ್ಥಳವಿರಲಿ. ಆಮೆನ್.